ದೊಡ್ಡಪ್ಪನ ಹಗ್ಗ

ನಾಪೋಕ್ಲು

ಪ್ರೀತಿಯ ಮಗಳೇ,

ಊರಿನ ಕ್ರೀಡಾ ಸಂಘದವರು ಹೊರತರುವ ಸ್ಮರಣ ಸಂಚಿಕೆಗೆ ನಿನ್ನ ದೊಡ್ಡಪ್ಪನ ಬಗ್ಗೆ ಒಂದು ಪುಟ ಬರೆದುಕೊಡಲು ಒಪ್ಪಿಕೊಂಡಿದ್ದೀಯೆಂದು ತಿಳಿದು ಸಂತೋಷವಾಯಿತು. ಆದರೆ ಅವರ ಸಾಧನೆಗಳ ಪಟ್ಟಿಯನ್ನು ಕಳುಹಿಸೆಂದು ಕೇಳಿರುವೆಯಲ್ಲ, ಅದನ್ನು ನಾನೆಲ್ಲಿಂದ ತರಲಿ? ಭಾರತ ಹಾಕಿ ತಂಡವನ್ನು ಮುನ್ನಡೆಸಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥವರ ಜಿಲ್ಲೆ ನಮ್ಮ ಕೊಡಗು. ಇಲ್ಲಿ ಸಾಧನೆ ಎಂಬ ಮಾತನ್ನು ಸುಮ್ಮನೆ ಬಳಸಲಾಗದು. ದೊಡ್ಡಪ್ಪ ಆಡಿದ್ದು ಕಡಿಮೆ, ಗೆದ್ದದ್ದು ಇನ್ನೂ ಕಡಿಮೆ. ಅವರು ಮಾಡಿದ್ದು ಹಾಕಿ ಮೈದಾನಕ್ಕೆ ಗೆರೆ ಎಳೆಯುವ ಕೆಲಸ.

ಅದೇನು ಮಹಾ ಎನ್ನಬೇಡ. ಗೋಲಿನ ಮುಂದೆ ಇಂಗ್ಲಿಷಿನ ‘ಡಿ’ ಅಕ್ಷರದಂತೆ ಎಳೆಯುವ ಗೆರೆಯನ್ನು ಹೆಚ್ಚಿನವರು ಅರ್ಧವೃತ್ತವೆಂದೇ ತಿಳಿದಿರುತ್ತಾರೆ. ಅದಕ್ಕೆ ಕೇಂದ್ರ ಒಂದಲ್ಲ, ಎರಡು. ಒಂದೊಂದು ಗೋಲುಕಂಬದ ಬುಡದಿಂದಲೂ 16 ಗಜದ ಹಗ್ಗ ಹಿಡಿದು ಕಾಲುವೃತ್ತ ಎಳೆದು, ಅವೆರಡರ ನಡುವೆ ಗೋಲಿನ ಅಗಲದಷ್ಟೇ, ಅಂದರೆ 4 ಗಜ, ನೇರ ಗೆರೆ ಹಾಕಬೇಕು. ಒಬ್ಬರು ಕಂಬದ ಬುಡದಲ್ಲಿ ಕುಳಿತು ಹಗ್ಗದ ತುದಿ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಸುಣ್ಣ ಚೆಲ್ಲುತ್ತಾ ನಡೆಯಬೇಕು. ಚಿಕ್ಕವಳಿದ್ದಾಗ ಆ ತುದಿ ಹಿಡಿಯುತ್ತಿದ್ದವಳು ನೀನೇ. ಕೈ ಸಡಿಲಿಸಿದ್ದಕ್ಕೆ ಬೈಸಿಕೊಂಡು ಅತ್ತದ್ದೂ ನೆನಪಿರಬಹುದು.

ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಎಂಬ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದಾಗ ಸೇರಿದ್ದು 60 ಕುಟುಂಬಗಳು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಒಂದೇ ತಂಡದಲ್ಲಿ ಆಡುವ ಆ ಪಂದ್ಯಗಳನ್ನು ನೋಡಿ ಬಂದ ದೊಡ್ಡಪ್ಪ, ಊರಿನ ಮೈದಾನವನ್ನು ವರ್ಷವಿಡೀ ಆಡಲು ಯೋಗ್ಯವಾಗಿ ಇಟ್ಟುಕೊಂಡರೆ ಮಾತ್ರ ಮನೆಮನೆಯಲ್ಲೂ ತಂಡ ಕಟ್ಟಲು ಸಾಧ್ಯ ಎಂದು ಹೇಳಿ, ಮರುವಾರವೇ ಕತ್ತಿ ಹಿಡಿದು ಪೊದೆ ಸವರಲು ಹೊರಟರು. ಅಂದು ಹಿಡಿದ ಕೆಲಸವನ್ನು ಮತ್ತೆ ಬಿಡಲಿಲ್ಲ. ಇಲ್ಲಿಯ ಚೆರಿಯಪರಂಬು ಮೈದಾನದಲ್ಲಿ 2018ರಲ್ಲಿ 329 ತಂಡಗಳೂ 2024ರಲ್ಲಿ 360 ತಂಡಗಳೂ ಆಡಿದಾಗ ಬೆಳಕು ಹರಿಯುವ ಮುಂಚೆ ಸುಣ್ಣದ ಬುಟ್ಟಿಯೊಡನೆ ಹೋಗುತ್ತಿದ್ದವರಲ್ಲಿ ಅವರೂ ಒಬ್ಬರು. ಒಬ್ಬರು ಮಾತ್ರ; ಎಲ್ಲವನ್ನೂ ಅವರೇ ಮಾಡಿದರೆಂದು ಬರೆದುಬಿಡಬೇಡ, ಅವರಿಗೇ ಸಿಟ್ಟು ಬರುತ್ತದೆ.

ಅವರ ಸಂಕಟ ಹೂಮಳೆಯದು. ಕಾಫಿ ಅರಳಲು ಆ ಮಳೆ ಬೇಕೇ ಬೇಕು, ಆದರೆ ಅದೇ ಮಳೆ ಹಿಂದಿನ ಸಂಜೆ ಎಳೆದ ಗೆರೆಗಳನ್ನು ತೊಳೆದುಹಾಕುತ್ತದೆ. ತೋಟದ ಯಜಮಾನನಾಗಿ ಸಂತೋಷಪಡುತ್ತಲೇ ಮೈದಾನದ ಆಳಾಗಿ ಶಪಿಸುತ್ತಾ ಜಗಲಿಯಲ್ಲಿ ಅಡ್ಡಾಡುವ ಅವರನ್ನು ಕಂಡು ದೊಡ್ಡಮ್ಮ ನಗುತ್ತಿದ್ದರು. ಕಾಫಿ ಕೊಯ್ಲಿನ ಹೊತ್ತಿನಲ್ಲೂ ಮೈದಾನಕ್ಕೇ ಓಡುತ್ತಿದ್ದಾಗ ಮಾತ್ರ ನಗುತ್ತಿರಲಿಲ್ಲ. ಇದನ್ನೂ ಬರೆ, ಅವರ ಸೇವೆಯ ಖರ್ಚಿನಲ್ಲಿ ಒಂದು ಪಾಲು ದೊಡ್ಡಮ್ಮನದು.

2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ, ಪಂದ್ಯಗಳಿಗೆಂದು ಇಟ್ಟುಕೊಂಡಿದ್ದ ದೊಡ್ಡ ಪಾತ್ರೆಗಳನ್ನು ಜೀಪಿಗೆ ಹೇರಿಕೊಂಡು ಪರಿಹಾರ ಕೇಂದ್ರಕ್ಕೆ ಹೋದವರು ಹಿಂದಿರುಗಿದ್ದು ಹನ್ನೊಂದನೆಯ ದಿನ. ಪ್ರವಾಹ, ಆಮೇಲೆ ಕೊರೊನಾ ಎಂದು ಕುಟುಂಬ ಹಾಕಿ ನಾಲ್ಕು ವರ್ಷ ನಿಂತೇಹೋಯಿತು. 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. ಯಾರೂ ಆಡದ ಆ ವರ್ಷಗಳಲ್ಲಿಯೂ ದೊಡ್ಡಪ್ಪ ಊರಿನ ಮೈದಾನದ ಹುಲ್ಲು ಕತ್ತರಿಸುತ್ತಿದ್ದರು. ಏಕೆಂದು ಕೇಳಿದರೆ, ‘ಹುಲ್ಲಿಗೆ ಕೊರೊನಾ ಗೊತ್ತಿಲ್ಲವಲ್ಲ’ ಎನ್ನುತ್ತಿದ್ದರು.

ಎಲೆಮರೆಯ ಕಾಯಿ ಎಂಬ ಮಾತನ್ನು ದಯವಿಟ್ಟು ಬಳಸಬೇಡ. ಸುಡುಬಿಸಿಲಿನಲ್ಲಿ, ಮೈದಾನದ ನಡುವೆ, ಎಲ್ಲರಿಗೂ ಕಾಣುವಂತೆ ಕೆಲಸ ಮಾಡಿದ ಮನುಷ್ಯ ಅವರು.

ದೊಡ್ಡಪ್ಪನಿಗೆ ಸನ್ಮಾನ ಭಾನುವಾರ, ಅಂದೇ ಬೆಳಿಗ್ಗೆ ಪಂದ್ಯಗಳೂ ಇವೆ. ಗೆರೆ ತಾವೇ ಎಳೆಯುವುದಾಗಿ ಹಟ ಹಿಡಿದಿದ್ದಾರೆ. ಅವರಿಗೀಗ ಮಂಡಿ ಮಡಚಲಾಗುವುದಿಲ್ಲ, ನನಗೆ ಬೆನ್ನುನೋವು. ಶುಕ್ರವಾರ ರಾತ್ರಿಯ ಬಸ್ಸಿಗೇ ಹೊರಟು ಬಾ. ಶನಿವಾರ ಸಂಜೆ ಕಂಬದ ಬುಡದಲ್ಲಿ ಕುಳಿತು ಹಗ್ಗ ಹಿಡಿಯಲು ಒಬ್ಬರು ಬೇಕು.

ನಿನ್ನ ಅಪ್ಪ