ಬೇಡವೆಂದಾದರೂ ಹೇಳಿಸಿ, ಸಚಿವರೇ

ಮಾನ್ಯ ಉದ್ಯೋಗ ಸಚಿವರಿಗೆ,

ಕಳೆದ ಮಂಗಳವಾರ ನನಗೊಂದು ತಿರಸ್ಕಾರದ ಪತ್ರ ಬಂತು. ನಾಲ್ಕೇ ಸಾಲು. ನನಗಿಂತ ಹೆಚ್ಚು ಅನುಭವವಿರುವವರು ಸಿಕ್ಕಿದ್ದಾರಂತೆ, ಮಾದರಿ ಸಮೀಕ್ಷೆಯ ಬಗ್ಗೆ ನಾನು ಕೊಟ್ಟ ಉತ್ತರ ಅವರಿಗೆ ಹಿಡಿಸಿತಂತೆ, ಆದರೆ ಈ ಬಾರಿ ತೆಗೆದುಕೊಳ್ಳಲಾಗುತ್ತಿಲ್ಲವಂತೆ. ಕೆಳಗೆ ಒಬ್ಬ ಮನುಷ್ಯರ ಹೆಸರಿತ್ತು. ಅದನ್ನು ಅಮ್ಮನ ಬಳಿಗೆ ಒಯ್ದು ಎರಡು ಸಲ ಓದಿದೆ. ‘ಕೆಲಸ ಸಿಗಲಿಲ್ಲ ಎಂದು ತಾನೆ ಬರೆದಿರುವುದು? ಅದಕ್ಕೇಕೆ ಇಷ್ಟು ಸಂಭ್ರಮ?’ ಎಂದು ಅಮ್ಮ ಕೇಳಿದರು. ಅವರಿಗೆ ವಿವರಿಸಲು ನನ್ನಿಂದಾಗಲಿಲ್ಲ. ನಿಮಗಾದರೂ ವಿವರಿಸುತ್ತೇನೆ.

ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ ಹನ್ನೊಂದು ತಿಂಗಳಾಯಿತು. ಎಣಿಸುವುದನ್ನೇ ಕಲಿತವಳಾದ್ದರಿಂದ ಹಾಕಿದ ಅರ್ಜಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಇದುವರೆಗೆ 118. ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಯಂತ್ರದ ಸಂದೇಶವನ್ನು ಬಿಟ್ಟರೆ, ಹೌದೋ ಅಲ್ಲವೋ ಎಂದು ತಿಳಿಸಿದವರು 26. ಸಂದರ್ಶನಕ್ಕೆ ಕರೆದವರು ಒಂಬತ್ತು. ಅವರಲ್ಲಿ ಐವರು ಅರ್ಧ ಗಂಟೆ ನಗುನಗುತ್ತ ಮಾತನಾಡಿ, ‘ವಾರದೊಳಗೆ ತಿಳಿಸುತ್ತೇವೆ’ ಎಂದು ಹೇಳಿ ಇಂದಿಗೂ ಆ ವಾರದೊಳಗೇ ಇದ್ದಾರೆ.

ಕೆಲಸವಿಲ್ಲದವರಿಗೆ ಹೇರಳ ಸಮಯವಿರುತ್ತದೆ ಎಂದು ಕೆಲಸವಿರುವವರು ಭಾವಿಸುತ್ತಾರೆ. ತರಗತಿಯಲ್ಲಿ ನಮಗೆ ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಹಳ್ಳಿಯ ಅಧ್ಯಯನವನ್ನು ಪಾಠ ಮಾಡಿದ್ದರು. ಊರಿಗೆಲ್ಲ ಕೆಲಸ ಕೊಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿನ ಬದುಕು ಏನಾಯಿತೆಂದು 1930ರ ದಶಕದ ಆರಂಭದಲ್ಲಿ ಸಂಶೋಧಕರು ಹೋಗಿ ನೋಡಿದರು. ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರು ಬೀದಿಯಲ್ಲಿ ಮತ್ತೆ ಮತ್ತೆ ನಿಂತುಬಿಡುತ್ತಿದ್ದರು. ಬಿಡುವು ಹೆಚ್ಚಿದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಪರೀಕ್ಷೆಗೆಂದು ಇದನ್ನು ಉರು ಹೊಡೆದಾಗ ವಿಚಿತ್ರವೆನಿಸಿತ್ತು. ಈಗ ನನ್ನ ಮೇಜಿನ ಮೇಲೆ ಒಂದು ಕಾದಂಬರಿ ಮೂರು ತಿಂಗಳಿನಿಂದ ನಲವತ್ತನೆಯ ಪುಟದಲ್ಲಿ ಮಗುಚಿ ಬಿದ್ದಿದೆ.

ದಿನ ಎಲ್ಲಿ ಹೋಗುತ್ತದೆ ಎಂದು ಕೇಳಬಹುದು. ಬೆಳಿಗ್ಗೆ ಎದ್ದೊಡನೆ ಇಮೇಲ್. ಅಲ್ಲಿಲ್ಲದಿದ್ದರೆ ಸ್ಪ್ಯಾಮ್ ಎಂಬ ಕಸದ ಬುಟ್ಟಿ. ಆಮೇಲೆ ಅರ್ಜಿ. ರೆಸ್ಯೂಮೆಯನ್ನು ಅಪ್‌ಲೋಡ್ ಮಾಡಬೇಕು. ಅದರಲ್ಲಿರುವುದನ್ನೇ ಮತ್ತೆ ಇಪ್ಪತ್ತು ಚೌಕಗಳಲ್ಲಿ ಟೈಪ್ ಮಾಡಬೇಕು. ಕೆಲವೆಡೆ ಸಂದರ್ಶನವೂ ಮನುಷ್ಯರಿಲ್ಲದೆ ನಡೆಯುತ್ತದೆ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಗಡಿಯಾರ ಹಿಂದಕ್ಕೆ ಓಡುತ್ತದೆ, ನಾನು ನನ್ನದೇ ಮುಖಕ್ಕೆ ನನ್ನ ಸಾಮರ್ಥ್ಯಗಳನ್ನು ಬಣ್ಣಿಸುತ್ತೇನೆ. ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ಎದೆ ಹಾರುತ್ತದೆ. ಸಾಲ ಬೇಕೇ ಎಂದು ಕೇಳುವವರು ಅವರು. ಆ ಕರೆಯನ್ನೂ ತೆಗೆಯದೆ ಇರಲಾರೆ. ಸ್ನಾನಕ್ಕೆ ಹೋದರೂ ಮೊಬೈಲ್ ಬಾಗಿಲ ಹೊರಗೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಬೇಕು. ನೆಮ್ಮದಿ ಎಂಬುದಿದ್ದರೆ ಅದು ಭಾನುವಾರ ಮಾತ್ರ. ಅಂದು ಯಾವ ಕಚೇರಿಯೂ ಉತ್ತರ ಬರೆಯುವುದಿಲ್ಲ. ಹಾಗಾಗಿ ಉತ್ತರ ಬರಲಿಲ್ಲವೆಂಬ ನೋವೂ ಇರುವುದಿಲ್ಲ.

‘ಏನು ಮಾಡಿಕೊಂಡಿದ್ದೀಯ?’ ಎಂದು ಕೇಳುವ ನೆಂಟರ ವಿಷಯ ಬಿಡಿ. ಅದು ನಿಮ್ಮ ಇಲಾಖೆಗೆ ಸೇರುವುದಿಲ್ಲ.

ನಿಮ್ಮ ಇಲಾಖೆಗೆ ಸೇರುವ ಸಂಗತಿ ಬೇರೊಂದಿದೆ. ವಾರಕ್ಕೆರಡು ಸಂಜೆ ಪಕ್ಕದ ಮನೆಯ ಹುಡುಗನಿಗೆ ಗಣಿತ ಹೇಳಿಕೊಡುತ್ತೇನೆ, ಅವರು ಹಣ ಕೊಡುತ್ತಾರೆ. ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ 1982ರಲ್ಲಿ ಒಪ್ಪಿ, 2013ರಲ್ಲಿ ಉಳಿಸಿಕೊಂಡ ಮಾನದಂಡದ ಪ್ರಕಾರ, ಸಮೀಕ್ಷೆಯ ವಾರದಲ್ಲಿ ಸಂಪಾದನೆಗಾಗಿ ಒಂದು ಗಂಟೆ ದುಡಿದರೂ ಸಾಕು, ಅವರು ಉದ್ಯೋಗಿ. ಎಂದರೆ ನಾನು ಉದ್ಯೋಗಿ! ಹುಡುಗನ ಪರೀಕ್ಷೆ ಮುಗಿದು ಪಾಠ ನಿಂತರೆ ನಿರುದ್ಯೋಗಿ. ಬೇಸತ್ತು ತಿಂಗಳುಗಟ್ಟಲೆ ಅರ್ಜಿ ಹಾಕುವುದನ್ನೇ ಬಿಟ್ಟರೆ ನಿರುದ್ಯೋಗಿಯೂ ಅಲ್ಲ, ದುಡಿಯುವವರು, ಕೆಲಸ ಹುಡುಕುವವರು ಸೇರಿದ ‘ದುಡಿಯುವ ಬಲ’ದ ಲೆಕ್ಕದಿಂದಲೇ ಹೊರಗೆ. ನಾವು ಕೈಚೆಲ್ಲಿ ಕುಳಿತಷ್ಟೂ ನಿರುದ್ಯೋಗದ ಪ್ರಮಾಣ ಇಳಿಯುತ್ತದೆ. ಈ ಮಾನದಂಡಕ್ಕೆ ಅದರದೇ ಕಾರಣಗಳಿವೆ. ದೇಶದೇಶಗಳನ್ನು ಹೋಲಿಸಲು ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಅದನ್ನು ಓದಿದವಳಾಗಿ ಒಪ್ಪುತ್ತೇನೆ. ಆದರೆ ಆ ಒಂದೇ ಅಂಕಿಯನ್ನು ಹಿಡಿದು ಪರಿಸ್ಥಿತಿ ಸುಧಾರಿಸಿದೆ ಎಂದು ಹೇಳುವ ಮೊದಲು, ಹುಡುಕುವುದನ್ನು ಬಿಟ್ಟವರ ಸಂಖ್ಯೆಯನ್ನೂ ಅದೇ ಉಸಿರಿನಲ್ಲಿ ಹೇಳಿ.

ಇನ್ನು ಅನುಭವ. ಹೊಸಬರಿಗೆಂದೇ ಕರೆದ ಹುದ್ದೆಗೂ ಎರಡು ವರ್ಷದ ಅನುಭವ ಬೇಕಂತೆ. ಮದುವೆಯಾಗುವ ತನಕ ಹುಚ್ಚು ಬಿಡದು, ಹುಚ್ಚು ಬಿಡುವ ತನಕ ಮದುವೆಯಾಗದು ಎಂಬ ಗಾದೆಯನ್ನು ಯಾರೋ ಕೆಲಸ ಹುಡುಕುತ್ತಿದ್ದವರೇ ಕಟ್ಟಿರಬೇಕು. ಇತ್ತ ಕಾಯುತ್ತಾ ಹೋದಂತೆ ಕಾದದ್ದೇ ದೋಷವಾಗುತ್ತದೆ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರು ಸುಮಾರು 3,000 ಹುದ್ದೆಗಳಿಗೆ ಸುಮಾರು 12,000 ಕಾಲ್ಪನಿಕ ರೆಸ್ಯೂಮೆಗಳನ್ನು ಕಳುಹಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಕೆಲಸವಿಲ್ಲದ ಅವಧಿ ಉದ್ದವಾದಂತೆ ಕರೆಗಳು ಕಡಿಮೆಯಾದವು. ಆ ಇಳಿಕೆಯ ಬಹುಭಾಗ ಮೊದಲ ಎಂಟು ತಿಂಗಳಲ್ಲೇ ಮುಗಿದಿತ್ತು. ನನ್ನದು ಹನ್ನೊಂದನೆಯ ತಿಂಗಳು ಎಂದು ಆಗಲೇ ಹೇಳಿದೆ. ಅಂಥದರಲ್ಲಿ ಉತ್ತರ ಕೊಡದೆ ಎರಡು ತಿಂಗಳು ಕಾಯಿಸುವ ಸಂಸ್ಥೆ ನನ್ನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂದು ಊಹಿಸಿ. ಬೇಡವೆಂದು ಮೂರನೆಯ ದಿನವೇ ಹೇಳಿದ್ದರೆ ಆ ಹುದ್ದೆಯ ಆಸೆ ಬಿಟ್ಟು ಬೇರೆ ಊರಿಗೋ ಬೇರೆ ವೃತ್ತಿಗೋ ಹೊರಡುತ್ತಿದ್ದೆನೇನೋ. ಮೌನ ಹೊರಡಲು ಬಿಡುವುದಿಲ್ಲ.

ಅಮ್ಮನಿಗೆ ಹೇಳಲಾಗದ ಮಾತು ಇದೇ.

ಎಲ್ಲರಿಗೂ ಕೆಲಸ ಸೃಷ್ಟಿಸುವುದು ಕಷ್ಟ, ಅದಕ್ಕೆ ಬಂಡವಾಳ ಬೇಕು, ವರ್ಷಗಳು ಬೇಕು. ಉತ್ತರ ಕೊಡಿಸಲು ಒಂದು ನಿಯಮ ಸಾಕು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಅದು ಜಾರಿಯಲ್ಲಿದೆ. 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಬಹಿರಂಗವಾಗಿ ಜಾಹೀರಾತು ಕೊಟ್ಟು ಸಂದರ್ಶನ ಮಾಡಿದರೆ, ನೇಮಕದ ತೀರ್ಮಾನವಾಯಿತೇ ಇಲ್ಲವೇ ಎಂಬುದನ್ನು 45 ದಿನಗಳೊಳಗೆ ಅಭ್ಯರ್ಥಿಗೆ ತಿಳಿಸಬೇಕು. ಹುದ್ದೆ ನಿಜವಾಗಿಯೂ ಖಾಲಿ ಇದೆಯೇ ಎಂದು ಜಾಹೀರಾತಿನಲ್ಲೇ ಹೇಳಬೇಕು. ಅರ್ಜಿ ಸೋಸಲು ಕೃತಕ ಬುದ್ಧಿಮತ್ತೆ ಬಳಸುವುದಾದರೆ ಅದನ್ನೂ ಹೇಳಬೇಕು. ಸಂದರ್ಶನದವರೆಗೆ ಹೋಗದವರಿಗೆ ಆ ಉತ್ತರದ ಹಕ್ಕು ಇಲ್ಲ, ಅದು ನನಗೆ ಸಾಲದು. ಆದರೂ ನನ್ನ ಆ ಐವರ ಬಾಯಿ ತೆರೆಸಲು ಅಷ್ಟಾದರೂ ಬೇಕು.

ಇನ್ನೊಂದು ವಿಷಯ. ಕೆಲಸ ಕೊಡಿಸುತ್ತೇವೆಂದು ನೋಂದಣಿ ಶುಲ್ಕ, ತರಬೇತಿ ಶುಲ್ಕ ಕೇಳುವವರು ನಮ್ಮ ಸುತ್ತ ನೊಣಗಳಂತೆ ಮುತ್ತುತ್ತಾರೆ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲ ವಿನಾಯಿತಿಗಳ ಹೊರತು ಕೆಲಸಗಾರರಿಂದ ಶುಲ್ಕ ವಸೂಲು ಮಾಡಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಹೇಳುತ್ತದೆ. ನನ್ನ ಸಹಪಾಠಿಯೊಬ್ಬಳು ಹಾಗೆ ಹಣ ಕಟ್ಟಿ ಕಳೆದುಕೊಂಡಳು. ಓದಿದವಳು ಹೀಗೇಕೆ ಮೋಸಹೋದಳು ಎಂದು ಎಲ್ಲರೂ ಅವಳನ್ನೇ ಬೈದರು. ಅವಳು ನನಗೆ ಹೇಳಿದ್ದಿಷ್ಟು: ತಿಂಗಳುಗಳ ನಂತರ ಅವಳ ಹೆಸರು ಹಿಡಿದು ಕರೆದು, ಮಾತನಾಡಿಸಿ, ಕೇಳಿದ್ದಕ್ಕೆ ಆ ಕ್ಷಣವೇ ಉತ್ತರ ಕೊಟ್ಟವರು ಅವರೊಬ್ಬರೇ.

ನಿಯಮ 45 ದಿನದ್ದಾಗಲಿ, 30 ದಿನದ್ದಾಗಲಿ, ಅದನ್ನು ನಿಮ್ಮ ಅಧಿಕಾರಿಗಳು ಕುಳಿತು ಚರ್ಚಿಸಲಿ. ಕರಡು ಸಿದ್ಧವಾದರೆ ಓದಿ ಅಭಿಪ್ರಾಯ ಕಳುಹಿಸಲು ನನಗೆ, ನಿಮಗೇ ಗೊತ್ತಿರುವಂತೆ, ಸಮಯವಿದೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಸದ್ಯಕ್ಕೆ ಉದ್ಯೋಗಿಯಾಗಿರುವ ಒಬ್ಬ ಪದವೀಧರೆ

ಮರೆತಿದ್ದೆ: ಆ ನಾಲ್ಕು ಸಾಲಿನ ತಿರಸ್ಕಾರಕ್ಕೆ ಧನ್ಯವಾದ ಹೇಳಿ ಎರಡು ಸಾಲು ಬರೆದೆ. ಅದಕ್ಕೂ ಉತ್ತರ ಬಂತು.