ಹಿಮಾಲಯಕ್ಕೆ ಹೊರಡುವ ಕ್ಯಾಂಪರ್ ವ್ಯಾನ್‌ಗಳಿಗೆ ಚಳಿಯ ಲೆಕ್ಕ ಬೇಡವೇ?

ಮಾನ್ಯ ಸಂಪಾದಕರೇ,

ಟೆಂಪೊ ಟ್ರಾವೆಲರ್ ಅಥವಾ ಸರಕು ಸಾಗಣೆಯ ವ್ಯಾನ್ ಕೊಂಡು, ಒಳಗೆ ಮಂಚ, ಒಲೆ, ಸಿಂಕ್ ಕೂರಿಸಿ, ಚಾವಣಿಯ ಮೇಲೆ ಸೋಲಾರ್ ಫಲಕ ಹಾಕಿಸಿ, ಅದರಲ್ಲೇ ತಿಂಗಳುಗಟ್ಟಲೆ ಊರೂರು ಸುತ್ತುವ ಹವ್ಯಾಸ ನಮ್ಮ ರಾಜ್ಯದಲ್ಲೂ ಬೆಳೆಯುತ್ತಿದೆ. ಇಂಥ ವಾಹನಗಳಿಗೆ ವಿದ್ಯುತ್ ಜೋಡಣೆ ಮಾಡಿಕೊಡುವುದು ನನ್ನ ಕಸುಬು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ಕನಸು ಒಂದೇ: ಬೆಂಗಳೂರಿನಿಂದ ಹೊರಟು ಹಿಮಾಚಲ ಪ್ರದೇಶದ ಸ್ಪಿತಿಗೋ ಲೇಹ್‌ಗೋ ಹೋಗಿ ಹಿಮದ ನಡುವೆ ಕೆಲವು ದಿನ ಇದ್ದು ಬರಬೇಕು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ದಾರಿಯಾಗಿದೆ. ಕಿನ್ನೌರ್ ಮಾರ್ಗವಾಗಿ ಸ್ಪಿತಿಯ ಕಾಜಾವರೆಗೆ ಜನವರಿಯಲ್ಲೂ ಹೋಗುವವರಿದ್ದಾರೆ. ಈ ಕನಸು ಒಳ್ಳೆಯದೇ. ಆದರೆ ಅದಕ್ಕಾಗಿ ಇಲ್ಲಿ ಸಿದ್ಧವಾಗುವ ವಾಹನಗಳು ಇಲ್ಲಿಯ ಹವಾಮಾನಕ್ಕಷ್ಟೇ ಒಗ್ಗುವಂಥವು ಎಂಬುದನ್ನು, ಮತ್ತು ಅದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು ಎಂಬುದನ್ನು ತಮ್ಮ ಪತ್ರಿಕೆಯ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿ, ಪೈಪು, ಡೀಸೆಲ್ ಹೇಗೆ ವರ್ತಿಸುತ್ತವೆ ಎಂಬುದನ್ನು ಇಲ್ಲಿಯ ಗ್ಯಾರೇಜಿನವರು ಕಣ್ಣಾರೆ ಕಾಣುವ ಸಂದರ್ಭವೇ ಬರುವುದಿಲ್ಲ. 3,500 ಮೀಟರ್ ಎತ್ತರದ ಲೇಹ್‌ನಲ್ಲಾದರೋ ಜನವರಿಯ ರಾತ್ರಿ ಮೈನಸ್ 10, ಮೈನಸ್ 15 ಡಿಗ್ರಿ ಎಂಬುದು ಮಾಮೂಲು ಸಂಗತಿ. ಆದ್ದರಿಂದ ವ್ಯಾನ್ ಕಟ್ಟಿಸುವವರು 'ಎಷ್ಟು ವ್ಯಾಟಿನ ಸೋಲಾರ್, ಎಷ್ಟು ಆಂಪಿಯರ್ ಅವರ್ ಬ್ಯಾಟರಿ' ಎಂದು ಕೇಳುವುದಕ್ಕೆ ಮೊದಲು, ಬಿಸಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಬಿಸಿಯ ಲೆಕ್ಕ ಬೇರೆ, ಕರೆಂಟಿನ ಲೆಕ್ಕ ಬೇರೆ. ಇವೆರಡನ್ನೂ ಒಂದೇ ಬ್ಯಾಟರಿಯ ಮೇಲೆ ಹೇರುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 10 ಯೂನಿಟ್‌ನಷ್ಟು ಶಾಖ ಹೊರಬರುತ್ತದೆ (ಯೂನಿಟ್ ಎಂದರೆ ಕರೆಂಟ್ ಬಿಲ್ಲಿನ ಅದೇ ಯೂನಿಟ್, 1,000 ವ್ಯಾಟಿನ ಉಪಕರಣ ಒಂದು ಗಂಟೆಯಲ್ಲಿ ಬಳಸುವಷ್ಟು). ಒಂದೂವರೆ ಎರಡು ಲಕ್ಷದ ವಿದ್ಯುತ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಇರುವ 12 ವೋಲ್ಟಿನ, 200 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದ್ದಾಗ ಹಿಡಿದಿಟ್ಟುಕೊಳ್ಳುವುದು ಎರಡೂವರೆ ಯೂನಿಟ್ ಮಾತ್ರ. 1,500 ವ್ಯಾಟಿನ ರೂಮ್ ಹೀಟರನ್ನು ಇನ್ವರ್ಟರ್‌ಗೆ ಸಿಕ್ಕಿಸಿದರೆ ಎರಡು ಗಂಟೆ ತುಂಬುವ ಮೊದಲೇ ಬ್ಯಾಟರಿ ಬರಿದಾಗುತ್ತದೆ. ರಾತ್ರಿ ಇನ್ನೂ ಹತ್ತು ಗಂಟೆ ಉಳಿದಿರುತ್ತದೆ. ವಾಹನಗಳಿಗೆಂದೇ ತಯಾರಾದ 2 ಕಿಲೋವ್ಯಾಟಿನ ಡೀಸೆಲ್ ಹೀಟರ್ ಗಂಟೆಗೆ ಕಾಲು ಲೀಟರಿಗೂ ಕಡಿಮೆ ಎಣ್ಣೆ ಕುಡಿಯುತ್ತದೆ. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಅದರ ಗ್ಲೋ ಪ್ಲಗ್ (ಡೀಸೆಲನ್ನು ಹೊತ್ತಿಸುವ ಕಾದ ಕಡ್ಡಿ) ನೂರು ವ್ಯಾಟಿನ ಆಸುಪಾಸು ಎಳೆಯುವುದನ್ನು ಬಿಟ್ಟರೆ, ಆಮೇಲೆ ಫ್ಯಾನ್ ಮತ್ತು ಪಂಪ್‌ಗೆ ಬೇಕಾಗುವುದು 20–30 ವ್ಯಾಟ್ ಅಷ್ಟೆ. ಹೀಗೆ ಇಡೀ ರಾತ್ರಿ ಬೆಚ್ಚಗಿರಲು ಕಾಲು ಅಥವಾ ಮೂರನೇ ಒಂದು ಯೂನಿಟ್ ಕರೆಂಟು ಸಾಕು. ಈ ಹೀಟರಿನ ಇನ್ನೊಂದು ಗುಣವೆಂದರೆ, ಅದು ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ತೆಗೆದುಕೊಂಡು ಹೊಗೆಯನ್ನೂ ಹೊರಗೇ ಬಿಡುತ್ತದೆ. ಒಳಗೆ ಬರುವುದು ಬಿಸಿಗಾಳಿ ಮಾತ್ರ. ಆದರೆ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ, ಬೆಂಗಳೂರಿನ ಅಳತೆಗೆ ಹೊಂದಿಸಿದ ಹೀಟರಿನಲ್ಲಿ ಡೀಸೆಲ್ ಹೆಚ್ಚಾಗಿ ಗಾಳಿ ಸಾಲದೆ ಮಸಿ ಕಟ್ಟತೊಡಗುತ್ತದೆ. ಎತ್ತರದ ಪ್ರದೇಶಕ್ಕೆ ಹೊಂದಿಸಿಕೊಳ್ಳುವ ಸೌಲಭ್ಯ ಇದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು.

ಡೀಸೆಲ್ ಬಗ್ಗೆಯೂ ಒಂದು ಮಾತು. ಬಯಲುಸೀಮೆಯಲ್ಲಿ ಸಿಗುವ ಡೀಸೆಲ್ ಕಡು ಚಳಿಯಲ್ಲಿ ಮೇಣದಂತೆ ಗಟ್ಟಿಯಾಗಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಈ ಕಾರಣಕ್ಕೇ 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಮೈನಸ್ 33 ಡಿಗ್ರಿಯವರೆಗೂ ಹೆಪ್ಪುಗಟ್ಟದ ಚಳಿಗಾಲದ ಡೀಸೆಲನ್ನು ಲಡಾಖ್‌ಗೆಂದು ಬಿಡುಗಡೆ ಮಾಡಿತು. ಎಂಜಿನ್ನಿನ ಟ್ಯಾಂಕನ್ನು ಅಲ್ಲಿ ತುಂಬಿಸಿಕೊಳ್ಳಬೇಕೆಂಬ ಅರಿವು ಚಾಲಕರಿಗೆ ಇರುತ್ತದೆ. ಮರೆತುಹೋಗುವುದು ಹೀಟರಿನ ಪ್ರತ್ಯೇಕ ಪುಟ್ಟ ಟ್ಯಾಂಕು. ಬೆಂಗಳೂರಿನಲ್ಲಿ ತುಂಬಿದ ಹತ್ತು ಲೀಟರ್ ದಾರಿಯುದ್ದಕ್ಕೂ ಖರ್ಚಾಗದೆ ಹಾಗೇ ಉಳಿದು, ಕಾಜಾದ ಮೊದಲ ರಾತ್ರಿಯೇ ಪಂಪಿನ ಸಣ್ಣ ನಳಿಗೆಯಲ್ಲಿ ಕಟ್ಟಿಕೊಂಡು ಹೀಟರ್ ಆರಿಹೋಗುತ್ತದೆ. ಈ ಟ್ಯಾಂಕನ್ನು ಬೆಟ್ಟ ಹತ್ತುವ ಮೊದಲು ಖಾಲಿ ಮಾಡಿಸಿ, ಮೇಲೆ ಸಿಗುವ ಚಳಿಗಾಲದ ಡೀಸೆಲನ್ನೇ ತುಂಬಿಸಿಕೊಳ್ಳುವುದು ಉತ್ತಮ.

ಇನ್ನು ಬ್ಯಾಟರಿ. ಈಗ ಎಲ್ಲರೂ ಹಾಕಿಸುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು. ನಮ್ಮ ಸೆಕೆಗೆ ಅದು ಬಹಳ ಒಳ್ಳೆಯ ಆಯ್ಕೆ. ಮೈನಸ್ 20ರವರೆಗೂ ಅದರಿಂದ ಕರೆಂಟು ತೆಗೆಯಬಹುದು. ಆದರೆ ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅದನ್ನು ಚಾರ್ಜ್ ಮಾಡಬಾರದು. ಹಾಗೆ ಮಾಡಿದರೆ ಲಿಥಿಯಂ ಒಳಗಿನ ಗ್ರಾಫೈಟ್ ಪದರದೊಳಕ್ಕೆ ಇಳಿಯದೆ ಅದರ ಮೇಲೆಯೇ ಲೋಹವಾಗಿ ಕೂರುತ್ತದೆ. ಆ ಹಾನಿ ಶಾಶ್ವತ. ಹೊರಗಿನಿಂದ ಏನೂ ಕಾಣುವುದಿಲ್ಲ, ಬ್ಯಾಟರಿಯ ಸಾಮರ್ಥ್ಯ ಕುಸಿದಾಗಷ್ಟೇ ಗೊತ್ತಾಗುತ್ತದೆ, ಮುಂದೆ ಒಳಗೇ ಶಾರ್ಟ್ ಆಗುವ ಅಪಾಯವೂ ಇರುತ್ತದೆ. ಉತ್ತಮ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಬ್ಯಾಟರಿ ಇಂಥ ಹೊತ್ತಿನಲ್ಲಿ ಚಾರ್ಜನ್ನು ತಾನೇ ತಡೆಯುತ್ತದೆ. ಆಗ ಬೆಳಿಗ್ಗೆ ಬಿಸಿಲು ಕಣ್ಣು ಕುಕ್ಕುವಷ್ಟಿದ್ದರೂ ಫಲಕದಿಂದ ಬ್ಯಾಟರಿಗೆ ಒಂದು ಆಂಪಿಯರ್ ಕೂಡ ಹೋಗುವುದಿಲ್ಲ, ಮತ್ತು ಮಾಲೀಕರು ಸೋಲಾರ್ ಕೆಟ್ಟಿದೆ ಎಂದುಕೊಂಡು ನಮಗೆ ಫೋನ್ ಮಾಡುತ್ತಾರೆ. ಅಗ್ಗದ ಬೆಲೆಗೆ ಜೋಡಿಸಿಕೊಡುವ ಎಷ್ಟೋ ಬ್ಯಾಟರಿಗಳಲ್ಲಿ ಈ ತಡೆಯೇ ಇರುವುದಿಲ್ಲ ಎಂಬುದು ಇನ್ನೂ ಕಳವಳದ ವಿಷಯ. ಬ್ಯಾಟರಿಯನ್ನು ವಾಹನದ ಅಡಿಗೆ ತೂಗುಹಾಕದೆ ಮಂಚದ ಕೆಳಗೆ, ಹೀಟರಿನ ಬಿಸಿಗಾಳಿ ತಲುಪುವ ಜಾಗದಲ್ಲಿ ಇಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಎಂಜಿನ್ ಚಾಲೂ ಮಾಡುವ ಸೀಸದ ಬ್ಯಾಟರಿಯದು ಬೇರೆ ಕಥೆ: ತುಂಬಿದ್ದಾಗ ಅದು ಎಂಥ ಚಳಿಯನ್ನೂ ತಡೆಯುತ್ತದೆ, ಬರಿದಾಗಿದ್ದರೆ ಸೊನ್ನೆಯ ಕೆಳಗೆ ಕೆಲವೇ ಡಿಗ್ರಿಯಲ್ಲಿ ಒಳಗಿನ ದ್ರವ ಹೆಪ್ಪುಗಟ್ಟಿ ಒಡೆಯುತ್ತದೆ. ಆದ್ದರಿಂದ ವ್ಯಾನಿನೊಳಗಿನ ದೀಪ, ಪಂಪ್‌ಗಳನ್ನು ಎಂಜಿನ್ ಬ್ಯಾಟರಿಗೆ ಎಂದೂ ಜೋಡಿಸಬಾರದು.

ಸೋಲಾರ್ ಫಲಕದ ಬಗ್ಗೆ ಇರುವ ನಿರೀಕ್ಷೆಯನ್ನೂ ಸ್ವಲ್ಪ ತಗ್ಗಿಸಿಕೊಳ್ಳಬೇಕು. ಡಿಸೆಂಬರ್ ಕೊನೆಗೆ ಲೇಹ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 33 ಡಿಗ್ರಿಗಿಂತ ಮೇಲೇರುವುದಿಲ್ಲ. ಚಾವಣಿಗೆ ಅಂಗಾತ ಮಲಗಿಸಿದ ಫಲಕಕ್ಕೆ ಆಗ ಬೀಳುವುದು ನೇರ ಬಿಸಿಲಿನ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಅಷ್ಟೆ. ರಾತ್ರಿ ಹಿಮ ಬಿದ್ದಿದ್ದರೆ, ಏಣಿ ಹತ್ತಿ ಗುಡಿಸುವ ತನಕ ಅದೂ ಇಲ್ಲ. 400 ವ್ಯಾಟಿನ ಫಲಕದಿಂದ ದಿನಕ್ಕೆ ಒಂದು ಯೂನಿಟ್ ಸಿಕ್ಕರೆ ಅದೃಷ್ಟ ಎಂದುಕೊಂಡೇ ಯೋಜನೆ ಹಾಕಬೇಕು. ಫಲಕದ ಒಂದು ಅಂಚನ್ನು ಎತ್ತಿ ದಕ್ಷಿಣಕ್ಕೆ ವಾಲಿಸುವ ಕೀಲು ಹಾಕಿಸಿದರೆ ಇದು ಗಣನೀಯವಾಗಿ ಹೆಚ್ಚುತ್ತದೆ. ಗ್ಯಾರೇಜಿನವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಅಂಶವಿದೆ. ಚಳಿಯಲ್ಲಿ ಫಲಕದ ವೋಲ್ಟೇಜ್ ಏರುತ್ತದೆ. 25 ಡಿಗ್ರಿಯಲ್ಲಿ ತಲಾ 48 ವೋಲ್ಟ್ ಕೊಡುವ ಎರಡು ಫಲಕಗಳನ್ನು ಸಾಲಾಗಿ ಜೋಡಿಸಿದರೆ 96 ವೋಲ್ಟ್ ಆಗುತ್ತದೆ, 100 ವೋಲ್ಟಿನವರೆಗೆ ತಾಳುವ ಚಾರ್ಜ್ ಕಂಟ್ರೋಲರ್ (ಫಲಕದ ಕರೆಂಟನ್ನು ಬ್ಯಾಟರಿಗೆ ಹದಮಾಡಿ ಕೊಡುವ ಸಾಧನ) ಬೆಂಗಳೂರಿನಲ್ಲಿ ಅದನ್ನು ನಿರಾಯಾಸವಾಗಿ ತಾಳಿಕೊಳ್ಳುತ್ತದೆ. ಮೈನಸ್ 15ರ ಬೆಳಗಿನಲ್ಲಿ ಅದೇ ಜೋಡಣೆ 105 ವೋಲ್ಟ್ ದಾಟುತ್ತದೆ ಮತ್ತು ಕಂಟ್ರೋಲರ್ ಸುಟ್ಟುಹೋಗುತ್ತದೆ. ಫಲಕಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಅಥವಾ 150 ವೋಲ್ಟಿನ ಕಂಟ್ರೋಲರ್ ಹಾಕಿದರೆ ಈ ಅಪಾಯವಿಲ್ಲ.

ಮೋಡ ಕವಿದ ದಿನಗಳಿಗೆ ಆಸರೆ ಎಂಜಿನ್ನೇ. ಎಂಜಿನ್ ಓಡುವಾಗ ಹುಟ್ಟುವ ಕರೆಂಟನ್ನು ಲಿಥಿಯಂ ಬ್ಯಾಟರಿಗೆ ತುಂಬುವ 30 ಆಂಪಿಯರಿನ ಡಿಸಿ ಟು ಡಿಸಿ ಚಾರ್ಜರ್ ಇದ್ದರೆ ಎರಡು ಗಂಟೆ ವಾಹನ ಓಡಿಸುವಷ್ಟರಲ್ಲಿ ಮುಕ್ಕಾಲು ಯೂನಿಟ್ ಬ್ಯಾಟರಿಗೆ ಸೇರುತ್ತದೆ. ಖರ್ಚಿನ ಕಡೆಯಲ್ಲಿ ಕಣ್ಣಿಗೆ ಬೀಳದ ಕಳ್ಳನೆಂದರೆ ಇನ್ವರ್ಟರ್. ಏನನ್ನೂ ಸಿಕ್ಕಿಸದಿದ್ದರೂ ಸುಮ್ಮನೆ ಚಾಲೂ ಇದ್ದರೆ ಅದು 10ರಿಂದ 20 ವ್ಯಾಟ್ ತಿನ್ನುತ್ತದೆ. 24 ಗಂಟೆಗೆ ಲೆಕ್ಕ ಹಾಕಿದರೆ ಅದು ಹೀಟರಿನ ಒಂದು ರಾತ್ರಿಯ ಖರ್ಚಿಗೆ ಸಮ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಫೋನು, ಲ್ಯಾಪ್‌ಟಾಪ್‌ಗಳನ್ನು ನೇರವಾಗಿ 12 ವೋಲ್ಟಿನಿಂದಲೇ ಚಾರ್ಜ್ ಮಾಡುವಂತೆ ಸಾಕೆಟ್ ಕೊಟ್ಟು, ಇನ್ವರ್ಟರನ್ನು ಬೇಕಾದಾಗ ಮಾತ್ರ ಹಾಕುವ ರೂಢಿ ಮಾಡಿಕೊಳ್ಳಬೇಕು.

ಗೋಡೆಗೆ ಹೊದಿಸುವ ಫೋಮ್‌ನ ದಪ್ಪದ ಬಗ್ಗೆ ಗಿರಾಕಿಗಳು ತುಂಬ ಚೌಕಾಸಿ ಮಾಡುತ್ತಾರೆ. ದಪ್ಪ ಮುಖ್ಯ ನಿಜ, ಆದರೆ ಅದಕ್ಕಿಂತ ಮುಖ್ಯವಾದುದು ಹೊರಗಿನ ತಗಡಿನಿಂದ ಒಳಗಿನ ಪ್ಲೈವುಡ್‌ವರೆಗೆ ಲೋಹದ ಕೊಂಡಿ ಇರದಂತೆ ನೋಡಿಕೊಳ್ಳುವುದು. ಚಳಿಯ ಊರಿನಲ್ಲಿ ರಾತ್ರಿ ಕಳೆದ ವ್ಯಾನಿನ ಒಳಗೋಡೆಯನ್ನು ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ, ತಗಡಿಗೆ ನೇರವಾಗಿ ಬಿಗಿದ ಒಂದೊಂದು ಸ್ಕ್ರೂವಿನ ತಲೆಯ ಮೇಲೂ ಬಿಳಿಯ ಮಂಜಿನ ಚುಕ್ಕೆ ಕೂತಿರುತ್ತದೆ. ಸುತ್ತಲಿನ ಪ್ಲೈವುಡ್ ಒಣಗಿಯೇ ಇರುತ್ತದೆ. ಹೀಟರ್ ಹಾಕಿದೊಡನೆ ಆ ಚುಕ್ಕೆಗಳು ಕರಗಿ ನೀರು ಮರದೊಳಕ್ಕೆ ಇಳಿಯುತ್ತದೆ, ಕೆಲವು ವಾರಗಳಲ್ಲಿ ಬೂಷ್ಟು ಹಿಡಿಯುತ್ತದೆ. ಈ ನೀರೆಲ್ಲ ನಮ್ಮ ಉಸಿರಿನಿಂದ ಮತ್ತು ಅಡುಗೆಯಿಂದ ಬಂದದ್ದು. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಆದ್ದರಿಂದ ಎಷ್ಟೇ ಚಳಿಯಿದ್ದರೂ ಚಾವಣಿಯ ಕಿಂಡಿಯನ್ನು ಪೂರ್ತಿ ಮುಚ್ಚಬಾರದು. ಅಡುಗೆ ಅನಿಲದ ಬ್ಯೂಟೇನ್ ಅಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುವುದರಿಂದ, ಹೊರಗಿಟ್ಟ ಸಿಲಿಂಡರ್ ತುಂಬಿದ್ದರೂ ಒಲೆ ಸರಿಯಾಗಿ ಉರಿಯದು. ನೀರಿನ ಟ್ಯಾಂಕ್ ಮತ್ತು ಪೈಪುಗಳು ಒಳಗೇ ಇರಬೇಕು, ಮಲಗುವ ಮುನ್ನ ಪೈಪಿನ ನೀರನ್ನು ಇಳಿಸುವ ಒಂದು ನಲ್ಲಿ ಇರಬೇಕು.

ಈ ಪತ್ರ ಬರೆಯಲು ನನ್ನನ್ನು ಒತ್ತಾಯಿಸಿದ ವಿಷಯಕ್ಕೆ ಈಗ ಬರುತ್ತೇನೆ. ಹೀಟರ್ ಕೈಕೊಟ್ಟ ರಾತ್ರಿ ಜನ ಏನು ಮಾಡುತ್ತಾರೆ? ಗ್ಯಾಸ್ ಒಲೆ ಹೊತ್ತಿಸಿ ಮೈ ಕಾಯಿಸಿಕೊಳ್ಳುತ್ತಾರೆ, ಇದ್ದಿಲ ಅಗ್ಗಿಷ್ಟಿಕೆ ಒಳಗೆ ತರುತ್ತಾರೆ, ಇಲ್ಲವೇ ಎಂಜಿನ್ ಚಾಲೂ ಇಟ್ಟು ಮಲಗುತ್ತಾರೆ. ಈ ಮೂರೂ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಸಬಲ್ಲವು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅದರ ಮೊದಲ ಲಕ್ಷಣಗಳಾದ ತಲೆನೋವು, ವಾಕರಿಕೆ, ಸುಸ್ತುಗಳು ಎತ್ತರದ ಪ್ರದೇಶದಲ್ಲಿ ಎಲ್ಲರಿಗೂ ಆಗುವ ಸಾಮಾನ್ಯ ತೊಂದರೆಗಳಂತೆಯೇ ಇರುವುದರಿಂದ, 'ಎತ್ತರಕ್ಕೆ ಹೀಗಾಗುತ್ತದೆ' ಎಂದು ಮಲಗಿಬಿಡುವ ಸಾಧ್ಯತೆ ಅಲ್ಲಿ ಇನ್ನೂ ಹೆಚ್ಚು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟ್ ಒಂದರಲ್ಲಿ ಗ್ಯಾಸ್ ಹೀಟರ್ ಹಾಕಿಕೊಂಡು ಮಲಗಿದ್ದ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಬೆಳಗಾಗುವಷ್ಟರಲ್ಲಿ ಇನ್ನಿಲ್ಲವಾದರು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತದ್ದು ಜನರೇಟರಿನ ವಿಷಾನಿಲ ಒಳಗೆ ಸೇರಿದ್ದರಿಂದ. ಅಲ್ಲಿ ಚಳಿಯೂ ಇರಲಿಲ್ಲ, ಎತ್ತರವೂ ಇರಲಿಲ್ಲ.

ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡಿ ಕೂಗುವ ಅಲಾರಂ ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ವ್ಯಾನ್‌ಗಳಲ್ಲಿ ಅದನ್ನು ನಾನು ಕಂಡದ್ದು ತೀರಾ ಅಪರೂಪ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನದ ಮಾರ್ಪಾಡಿಗೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಹೇಗೂ ಬೇಕು. ಮಲಗುವ ವ್ಯವಸ್ಥೆ ಇರುವ ಪ್ರತಿಯೊಂದು ವಾಹನದಲ್ಲೂ ಮಲಗುವವರ ತಲೆಯ ಹತ್ತಿರ ಈ ಅಲಾರಂ ಇದೆಯೇ, ಹೀಟರಿನ ಹೊಗೆಕೊಳವೆ ಬಾಗಿಲು ಕಿಟಕಿಗಳಿಂದ ದೂರ ಹೊರಬಂದಿದೆಯೇ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆಯೇ ಎಂದು ಆ ಒಪ್ಪಿಗೆ ಕೊಡುವ ಮೊದಲು ನೋಡುವಂತೆ ಸಾರಿಗೆ ಇಲಾಖೆ ತನ್ನ ಅಧಿಕಾರಿಗಳಿಗೆ ಸೂಚಿಸಬೇಕೆಂದು ಕೋರುತ್ತೇನೆ. ವ್ಯಾನ್ ಕಟ್ಟಿಕೊಡುವವರು, ನನ್ನಂಥ ಜೋಡಣೆಕಾರರೂ ಸೇರಿದಂತೆ, ಬ್ಯಾಟರಿಯನ್ನು ಎಷ್ಟು ಡಿಗ್ರಿಯವರೆಗೆ ಚಾರ್ಜ್ ಮಾಡಬಹುದು, ಹೀಟರ್ ಎಷ್ಟು ಎತ್ತರದವರೆಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಲ್ಲಿನ ಜೊತೆಗೇ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಬೇಕು.

ಹೊರಡಲು ಸಿದ್ಧರಾಗಿರುವವರಿಗೆ ಒಂದು ಸಲಹೆ. ವಾಹನವನ್ನು ಮೊದಲ ಬಾರಿಗೆ ಕಾಜಾದಲ್ಲಿ ಪರೀಕ್ಷಿಸಬೇಡಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಊಟಿಯ ಹತ್ತಿರದ ತಲೈಕುಂದಾ ಕಡೆ ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಬೆಂಗಳೂರಿನಿಂದ ಒಂದೇ ದಿನದ ಹಾದಿ. ನೀಲಗಿರಿಗೆ ಹೋಗಲು ಬೇಕಾದ ಇ-ಪಾಸ್ ಪಡೆದು, ವಾಹನ ನಿಲ್ಲಿಸಲು ಅನುಮತಿ ಇರುವ ಕಡೆ ಎರಡು ರಾತ್ರಿ ಉಳಿಯಿರಿ. ಹೀಟರ್ ರಾತ್ರಿಯಿಡೀ ಉರಿಯಿತೇ, ಬೆಳಿಗ್ಗೆ ಏಳು ಗಂಟೆಗೆ ಬ್ಯಾಟರಿಯಲ್ಲಿ ಶೇಕಡ ಎಷ್ಟು ಉಳಿದಿತ್ತು, ಬಿಸಿಲು ಬಿದ್ದ ಎಷ್ಟು ಹೊತ್ತಿಗೆ ಚಾರ್ಜ್ ಶುರುವಾಯಿತು, ಯಾವ ಮೂಲೆಯಲ್ಲಿ ನೀರು ಇಳಿಯಿತು ಎಂಬುದನ್ನು ಬರೆದಿಟ್ಟುಕೊಂಡು ಬಂದರೆ, ಹೊರಡುವ ಮೊದಲು ಏನನ್ನು ಸರಿಪಡಿಸಬೇಕೆಂದು ವಾಹನ ಕಟ್ಟಿಕೊಟ್ಟವರ ಮುಂದೆ ಆ ಹಾಳೆಯನ್ನೇ ಇಟ್ಟು ಕೇಳಬಹುದು.

ಇಂತಿ,
ವಾಹನಗಳ ವಿದ್ಯುತ್ ಜೋಡಣೆಕಾರ
ಪೀಣ್ಯ, ಬೆಂಗಳೂರು