ಯಾಟ್ ಹತ್ತಲು ಹೊರಟ ಅಕ್ಕನ ಮಗಳಿಗೆ

ಹೊನ್ನಾವರ

ಚಿ. ಕು. ರಶ್ಮಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಯಾಟ್, ಅಂದರೆ ವಿಹಾರದ ಹಡಗು, ಮುಟ್ಟುವ ಊರುಗಳೆಂದು ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಮುಂಬೈ, ಗೋವಾ, ಮಂಗಳೂರು, ಕೊಚ್ಚಿ, ಮಾಲ್ದೀವ್ಸಿನ ಮಾಲೆ, ಶ್ರೀಲಂಕಾದ ಗಾಲೆ, ಕೊನೆಗೆ ಅಂಡಮಾನ್. ಹಡಗಿನ ಫೋಟೋಗಳನ್ನೂ ನೋಡಿದೆ. ನಾನು ದುಡಿದ ಹಡಗುಗಳಲ್ಲಿ ಕ್ಯಾಪ್ಟನ್ನರ ಕ್ಯಾಬಿನ್ನೂ ನಿಮ್ಮ ಯಾಟಿನ ಬಚ್ಚಲುಮನೆಯಷ್ಟು ಚೆಂದ ಇರಲಿಲ್ಲ ಬಿಡು. ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಮರೆಯುತ್ತದೆ, ನನಗೆ ಇನ್ನರ್ಧ. ಅದಕ್ಕೇ ಕಾಗದ.

ಅತಿಥಿಗಳಿಗೆ ಊರು, ಜನ, ಪ್ರಾಣಿಗಳ ವಿಷಯ ತಿಳಿಸಿ ಹೇಳುವ ಕೆಲಸ ಎಂದೆಯಲ್ಲ, ಅದರ ಬಗ್ಗೆಯೇ ಬರೆಯುತ್ತೇನೆ. ಚೀಫ್ ಸ್ಟೀವರ್ಡ್ ಆಗಿ ದುಡ್ಡಿದ್ದವರಿಗೆ ವರ್ಷಗಟ್ಟಲೆ ಬಡಿಸಿದ್ದೇನೆ. ಇಂಥ ಹಡಗಿನ ಟಿಕೆಟ್ ಕೊಳ್ಳುವವರು ‘ಇಲ್ಲ’ ಎಂಬುದು ಕಿವಿಗೆ ಬೀಳದಿರಲಿ ಎಂದೇ ಅಷ್ಟು ಹಣ ಸುರಿದಿರುತ್ತಾರೆ. ನಡುರಾತ್ರಿ ದೋಸೆ ಬೇಕೆಂದರೆ ಅಡುಗೆಯವರು ಹುಯ್ದು ಕೊಡುತ್ತಾರೆ, ಅದು ಅವರ ಪಾಡು. ನಿನ್ನ ಪಾಲಿಗೆ ಬಂದಿರುವುದು ಸಮುದ್ರ, ದಡದ ಜನ, ನೀರೊಳಗಿನ ಜೀವಗಳು. ಇವು ಯಾವ ಮೆನು ಕಾರ್ಡಿನಲ್ಲೂ ಇಲ್ಲ. ಬಂದವರ ಮುಖ ಬಾಡದ ಹಾಗೆ, ಆದರೆ ನೀನು ಬಗ್ಗದ ಹಾಗೆ ‘ಆಗುವುದಿಲ್ಲ’ ಅನ್ನುವುದನ್ನು ಕಲಿತರೆ ಮುಕ್ಕಾಲು ಕೆಲಸ ಕಲಿತ ಹಾಗೆ. ಉಳಿದದ್ದನ್ನು ಕಂಪನಿಯವರೇ ಹೇಳಿಕೊಡುತ್ತಾರೆ.

ಜನವರಿಯಲ್ಲಿ ಹೊರಡುತ್ತಿದ್ದೀರಿ, ಒಳ್ಳೆಯ ಕಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲಿನತ್ತ ಇಂಥ ಹಡಗುಗಳು ಮುಖ ಹಾಕುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮವರ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಪೂರ್ವ ಕರಾವಳಿಯಲ್ಲಿ ಅದೇ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಕೊಚ್ಚಿಯವರೆಗೆ ನೀರು ಹೆಚ್ಚುಕಡಿಮೆ ಶಾಂತ. ಕನ್ಯಾಕುಮಾರಿಯ ಆಚೆ ಈಶಾನ್ಯದ ಗಾಳಿ ಎದೆಗೆ ಬಡಿಯುತ್ತದೆ, ಹಡಗು ಹೊಯ್ದಾಡಿದರೆ ಹೆದರಬೇಡ. ಹೊಟ್ಟೆ ಖಾಲಿ ಬಿಡಬೇಡ, ಒಣ ಬಿಸ್ಕೆಟ್ ತಿನ್ನು, ಶುಂಠಿ ಚೂರು ಬಾಯಲ್ಲಿರಲಿ, ಹಡಗಿನ ನಡುಭಾಗದಲ್ಲಿ ನಿಂತು ಬಾನಂಚು ನೋಡು. ಕ್ಯಾಬಿನ್ನಿನೊಳಗೆ ಮಲಗಿ ಫೋನು ನೋಡಿದೆಯೋ, ಕೆಟ್ಟೆ.

ಪಟ್ಟಿಯಲ್ಲಿ ನಮ್ಮೂರು ಇಲ್ಲವೆಂದು ನಿನ್ನ ಅಮ್ಮನಿಗೆ ಬೇಸರವಂತೆ. ಶರಾವತಿಯ ಅಳಿವೆಯಲ್ಲಿ ಹೂಳು, ಅಂಥ ಹಡಗು ಒಳಗೆ ಬರುವ ಹಾಗಿಲ್ಲ. ಆದರೆ ಗೋವಾ ಬಿಟ್ಟು ಮಂಗಳೂರಿಗೆ ಇಳಿಯುವಾಗ ಎಡಗಡೆಗೆ ಕೈ ತೋರಿಸಿ ಒಂದು ಕತೆ ಹೇಳು. 14ನೆಯ ಶತಮಾನದಲ್ಲಿ ಮೊರೊಕ್ಕೊದ ಇಬ್ನ್ ಬತೂತ ದಿಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆಂದು ಹೊರಟು ಇದೇ ಕರಾವಳಿಯಲ್ಲಿ ಬಂದ. ಹೊನ್ನಾವರದಲ್ಲಿ ಹುಡುಗಿಯರ ಶಾಲೆ 13, ಹುಡುಗರದ್ದು 23 ಇದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದಿಟ್ಟ. ಮುಂದೆ ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಒಡೆದು ಚೀನಾದ ದೊರೆಗೆ ಒಯ್ಯುತ್ತಿದ್ದ ಉಡುಗೊರೆಗಳೆಲ್ಲ ನೀರುಪಾಲಾದವು. ಬರಿಗೈಲಿ ದಿಲ್ಲಿಗೆ ಹೋದರೆ ಸುಲ್ತಾನ ಬಿಟ್ಟಾನೆಯೇ? ಮತ್ತೆ ಹೊನ್ನಾವರಕ್ಕೇ ಬಂದ. ಆಮೇಲೆ ಮಾಲ್ದೀವ್ಸಿಗೆ ಹೋಗಿ ಅಲ್ಲಿ ಖಾಜಿ, ಅಂದರೆ ನ್ಯಾಯಾಧೀಶನಾದ, ಅಲ್ಲಿಂದ ಸಿಂಹಳಕ್ಕೆ. ನಿನ್ನ ಪಟ್ಟಿ ತೆಗೆದು ನೋಡು, ಹೆಚ್ಚುಕಡಿಮೆ ಅವನ ದಾರಿಯೇ.

ಈ ಕತೆ ಬರೀ ಹೊತ್ತು ಕಳೆಯಲಿಕ್ಕಲ್ಲ, ಮಾಲೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಹೆಂಗಸರು ಸೊಂಟದ ಮೇಲೆ ಬಟ್ಟೆ ಉಡುವುದಿಲ್ಲವೆಂದು ಖಾಜಿ ಸಾಹೇಬರು ಹುಕುಂ ಹೊರಡಿಸಿದರು. ಯಾರೂ ಕೇಳಲಿಲ್ಲವೆಂದು ತಾವೇ ಬರೆದುಕೊಂಡಿದ್ದಾರೆ. ಈಗ ಅದೇ ನಾಡಿನಲ್ಲಿ ಲೆಕ್ಕ ತಿರುವುಮುರುವು. ಜನ ವಾಸವಿರುವ ದ್ವೀಪಗಳಲ್ಲಿ ಮದ್ಯ ಇಲ್ಲ, ಪ್ರವಾಸಿಗಳಿಗೆಂದು ಬಿಟ್ಟ ದಂಡೆ ಬಿಟ್ಟು ಬೇರೆಲ್ಲೂ ಬಿಕಿನಿ ತೊಟ್ಟು ತಿರುಗುವಂತಿಲ್ಲ. ಅದೆಲ್ಲ ರೆಸಾರ್ಟ್ ದ್ವೀಪಗಳಿಗೆ. ದಡಕ್ಕಿಳಿಯುವ ಮುಂಚೆ ನಿಯಮದ ಹಾಳೆ ಹಂಚಿದರೆ ಯಾರೂ ಓದುವುದಿಲ್ಲ. ಖಾಜಿಯ ಕತೆ ಹೇಳಿ ನಗಿಸು, ನಗುವಿನ ನಡುವೆಯೇ ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಬನ್ನಿ ಅನ್ನು. ಹಾಕಿಕೊಂಡು ಬರುತ್ತಾರೆ.

ಮಂಗಳೂರಿನಲ್ಲಿ ಹಡಗಿನ ಜನರನ್ನು ಬಸ್ಸು ಹತ್ತಿಸಿ ದೇವಸ್ಥಾನ, ಇಗರ್ಜಿ, ಗೇರುಬೀಜದ ಕಾರ್ಖಾನೆ ಸುತ್ತಿಸಿ ತರುವುದು ವಾಡಿಕೆ. ನಿನ್ನ ಕೈಲಿದ್ದರೆ ಹಳೆ ಬಂದರಿಗೊಮ್ಮೆ ಕರೆದೊಯ್ಯಿ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ತುಂಬಿಕೊಂಡು ಹೋಗುವ ಮಂಜಿ ಎಂಬ ಸರಕಿನ ದೋಣಿಗಳು ಅಲ್ಲಿ ನಿಲ್ಲುತ್ತವೆ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಇದು ನಮ್ಮವರಲ್ಲೇ ಎಷ್ಟು ಜನಕ್ಕೆ ಗೊತ್ತು? ಅಲ್ಲಿಯವರು ತೆಂಗಿನ ನಾರು ತಂದು ಮಂಗಳೂರಿನಲ್ಲಿ ಅಕ್ಕಿ ಕೊಂಡು ಹೋಗುತ್ತಿದ್ದರು. ಅದಕ್ಕೂ ಎಷ್ಟೋ ಹಿಂದೆ, 12ನೆಯ ಶತಮಾನದಲ್ಲಿ, ಬೆನ್ ಯಿಜು ಎಂಬ ಟುನೀಸಿಯಾ ಕಡೆಯ ಯಹೂದಿ ವರ್ತಕ ಮಂಗಳೂರಲ್ಲಿ ವರ್ಷಗಟ್ಟಲೆ ಇದ್ದು ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ ಮಾಡಿದ. ಅವನ ಕಾಗದಪತ್ರಗಳು ಕೈರೋದ ಒಂದು ಸಿನಗಾಗ್‌ನಲ್ಲಿ ಉಳಿದು ಈಗ ವಿದ್ವಾಂಸರ ಕೈ ಸೇರಿವೆ. ಯಾಟಿನಲ್ಲಿ ಬಂದವರಿಗೆ ತಾವೇ ಮೊದಲು ಬಂದವರು ಎಂಬ ಭ್ರಮೆ ಇರುತ್ತದೆ. ಬೆನ್ ಯಿಜುವಿನ ಹೆಸರು ಹೇಳಿದರೆ ಸಾಕು, ನಿನಗೆ ಬೇರೆ ಉಪದೇಶದ ಕೆಲಸವಿಲ್ಲ. ಒಂದೇ ಮಾತು, ದಕ್ಕೆಯಲ್ಲಿ ಮೂಟೆ ಹೊರುವವರ ಫೋಟೋ ಕೇಳದೆ ಹೊಡೆಯಬಾರದು. ಬೆವರಿಳಿಸಿ ದುಡಿಯುವವನ ಮುಂದೆ ಕ್ಯಾಮೆರಾ ಹಿಡಿದು ನಿಂತರೆ ನಮ್ಮ ಬಂದರಿನವರು ಬಾಯಿಗೆ ಬಂದದ್ದು ಬೈಯುತ್ತಾರೆ, ಅದನ್ನು ಇಂಗ್ಲಿಷಿಗೆ ಮಾಡಿ ಹೇಳುವ ಪಾಡು ನಿನಗೆ ಬೇಡ.

ಕೊಚ್ಚಿಯ ಬಗ್ಗೆ ನಾನು ಹೇಳುವುದು ಕಡಿಮೆ. ಚೀನೀ ಬಲೆ, 1568ರ ಪರದೇಸಿ ಸಿನಗಾಗ್, ವಾಸ್ಕೋ ಡ ಗಾಮನನ್ನು ಮೊದಲು ಹೂತ ಇಗರ್ಜಿ, ಇವನ್ನು ಅಲ್ಲಿನ ಗೈಡುಗಳು ನಿದ್ದೆಯಲ್ಲೂ ಒಪ್ಪಿಸುತ್ತಾರೆ. ನೀನು ಸುಮ್ಮನಿದ್ದು ಅವರಿಗೆ ಮಾತಾಡಲು ಬಿಡು. ಮಟ್ಟಾಂಚೇರಿಯಲ್ಲಿ ಕೊಂಕಣಿ ಮಾತಾಡುವವರು ಸಿಕ್ಕರೆ ಎರಡು ಮಾತಾಡಿ ಬಾ, ನಿನಗೇ ಖುಷಿಯಾಗುತ್ತದೆ.

ನಿಜವಾದ ಪರೀಕ್ಷೆ ಗಾಲೆಯಲ್ಲಿ. ಪಕ್ಕದ ಮಿರಿಸ್ಸಾದಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನೀಲಿ ತಿಮಿಂಗಿಲ ನೋಡಲು ಜನ ಮುಗಿಬೀಳುತ್ತಾರೆ. ಶ್ರೀಲಂಕಾದ ದಕ್ಷಿಣ ತುದಿಯಲ್ಲಿ ದಡದಿಂದ ಸ್ವಲ್ಪ ದೂರಕ್ಕೇ ಸಮುದ್ರದ ತಳ ಕಡಿದಾಗಿ ಇಳಿಯುತ್ತದೆ, ಹಾಗಾಗಿ ಅಷ್ಟು ದೊಡ್ಡ ಪ್ರಾಣಿ ಅಷ್ಟು ಹತ್ತಿರ ಬರುತ್ತದೆ. ದುರದೃಷ್ಟಕ್ಕೆ ಸೂಯೆಜ್‌ನಿಂದ ಮಲಕ್ಕಾ ಕಡೆಗೆ ಹೋಗುವ ಹಡಗುಗಳ ಹೆದ್ದಾರಿಯೂ ಅದೇ ನೀರು. ದೈತ್ಯ ಹಡಗುಗಳಿಗೆ ಸಿಕ್ಕಿ ತಿಮಿಂಗಿಲಗಳು ಸಾಯುತ್ತವೆ, ಹಡಗಿನವರಿಗೆ ಬಡಿದದ್ದೂ ಗೊತ್ತಾಗುವುದಿಲ್ಲ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಕಂಟೇನರ್ ಕಂಪನಿ ತನ್ನ ಹಡಗುಗಳ ದಾರಿಯನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತು.

ನಿನ್ನ ಅತಿಥಿಗಳಲ್ಲಿ ಒಬ್ಬನಾದರೂ ‘ಇನ್ನೂ ಸ್ವಲ್ಪ ಹತ್ತಿರ’ ಎಂದೇ ಅನ್ನುತ್ತಾನೆ. ತಿಮಿಂಗಿಲದಿಂದ ನೂರು ಮೀಟರ್ ದೂರವಿರಬೇಕೆಂಬುದು ಲೋಕದ ಬಹಳ ಕಡೆಯ ರೂಢಿ. ಅದರ ಎದುರಿಗೆ ಅಡ್ಡ ಹೋಗಬಾರದು, ಬೆನ್ನಟ್ಟಬಾರದು, ತಾಯಿ-ಮರಿಯ ನಡುವೆ ದೋಣಿ ನುಗ್ಗಿಸಬಾರದು. ಅವನಿಗೆ ಆ ಕಂಪನಿಯ ವಿಷಯ ಹೇಳು. ಅಷ್ಟು ದೊಡ್ಡ ವ್ಯಾಪಾರದ ಹಡಗುಗಳೇ ಸುತ್ತಿ ಹೋಗುತ್ತಿವೆ, ನಾವು ನೂರು ಮೀಟರ್ ನಿಲ್ಲಲಾರೆವೇ ಎಂದು ಕೇಳು. ದುಡ್ಡಿನ ಭಾಷೆ ಅವರಿಗೆ ಬೇಗ ತಿಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಗುಜರಾತಿನ ವೆರಾವಳದ ಬೆಸ್ತರ ವಿಷಯ ಹೇಳು. ದೋಣಿಗೆ ಬಳಿಯಲು ಯಕೃತ್ತಿನ ಎಣ್ಣೆ ಸಿಗುತ್ತದೆಂದು ತಿಮಿಂಗಿಲ ಶಾರ್ಕ್ ಎಂಬ ದೈತ್ಯ ಮೀನನ್ನು ಕೊಲ್ಲುತ್ತಿದ್ದವರು ಅವರು. 2001ರಲ್ಲಿ ಅದನ್ನು ಕೊಲ್ಲಬಾರದೆಂದು ಕಾನೂನು ಬಂತು. ಕಾನೂನಿಗಿಂತ ಹೆಚ್ಚು ನಾಟಿದ್ದು 2004ರಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಆಡಿದ ಮಾತು: ಅದು ಹೆರಿಗೆಗೆಂದು ತವರಿಗೆ ಬರುವ ಮಗಳು. ಈಗ ಬಲೆಗೆ ಸಿಕ್ಕರೆ ತಮ್ಮ ಕೈಯಾರೆ ಬಲೆ ಕತ್ತರಿಸಿ ಬಿಡುತ್ತಾರೆ. ಬಲೆಯ ಬೆಲೆ ಏನೆಂದು ಮೀನುಪೇಟೆಯ ಮಗ್ಗುಲಲ್ಲೇ ಬೆಳೆದ ನಿನಗೆ ಹೇಳಬೇಕಿಲ್ಲ.

ತಿಮಿಂಗಿಲ ಕಾಣುತ್ತದೆಂದು ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಮಾತು ಕೊಡಬೇಡ. ಮ್ಯಾನೇಜರ್ ಹೇಳು ಎಂದರೂ ಬೇಡ. ಕಾಣದ ದಿನ ಅವನು ಕ್ಯಾಬಿನ್ನಿನಲ್ಲಿರುತ್ತಾನೆ, ದೋಣಿಯಲ್ಲಿ ಸಪ್ಪೆ ಮುಖಗಳ ಎದುರು ಕೂರುವವಳು ನೀನು. ಹಾರುವ ಮೀನು, ಗಿರಕಿ ಹೊಡೆಯುವ ಡಾಲ್ಫಿನ್, ಅಲೆಯ ಮೇಲೆ ತೇಲುವ ಆಮೆ, ಇವುಗಳನ್ನು ಮೊದಲಿನಿಂದಲೇ ತೋರಿಸುತ್ತ ಬಾ. ಕಣ್ಣು ಪಳಗಿದವರಿಗೆ ಸಮುದ್ರ ಖಾಲಿ ಅನ್ನಿಸುವುದಿಲ್ಲ.

ಗಾಲೆಯ ಕೋಟೆಯೊಳಗೆ ಡಚ್ಚರ ಮನೆಗಳನ್ನು ಎಲ್ಲರೂ ತೋರಿಸುತ್ತಾರೆ. ನೀನು 1911ರಲ್ಲಿ ಅದೇ ಊರಿನಲ್ಲಿ ಸಿಕ್ಕ ಕಲ್ಲಿನ ಮಾತು ಎತ್ತು. ಚೀನಾದ ನೌಕಾಧಿಪತಿ ಝೆಂಗ್ ಹೆ ನೆಡಿಸಿದ ಶಾಸನ, ಅದರ ಮೇಲಿನ ಇಸವಿ 1409. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿನ ಅವತಾರವೆಂದು ಅಲ್ಲಿ ಪೂಜೆಗೊಳ್ಳುತ್ತಿದ್ದ ದೇವರಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಕಾಣಿಕೆ ಒಪ್ಪಿಸಿದ ವಿವರ ಅದರಲ್ಲಿದೆ. ಸಿಕ್ಕಾಗ ಅದು ಚರಂಡಿಗೆ ಮುಚ್ಚಿಗೆಯಾಗಿತ್ತು. ಈಗ ಕೊಲಂಬೊದ ಮ್ಯೂಸಿಯಂನಲ್ಲಿದೆ. ಸೈನ್ಯ ತುಂಬಿದ ಹಡಗುಗಳಲ್ಲಿ ಬಂದವನೂ ಪರರ ದಡದಲ್ಲಿ ಮೂರು ದೇವರಿಗೂ ಕಾಣಿಕೆ ಇಟ್ಟ ನೋಡು. ಗಾಲೆಯಿಂದ ಮುಂದೆ ರಸ್ತೆ ಬದಿಯ ನೀರಿನಲ್ಲಿ ಕಂಬ ಹತ್ತಿ ಕೂತ ಮೀನುಗಾರರು ಸಿಗುತ್ತಾರೆ. ಅವರಲ್ಲಿ ಬಹಳ ಮಂದಿ ಈಗ ಮೀನಿಗಲ್ಲ, ಫೋಟೋಗೆ ಕೂರುತ್ತಾರೆ, ಕಾಸು ಕೇಳುತ್ತಾರೆ. ಮೋಸ ಎಂದು ಅತಿಥಿಗಳು ಮೂಗು ಮುರಿದರೆ ಒಪ್ಪಬೇಡ. ಕಸುಬು ಕೈಬಿಟ್ಟವನು ಅದರ ವೇಷದಲ್ಲಿ ಹೊಟ್ಟೆ ಹೊರೆಯುತ್ತಿದ್ದಾನೆ, ಅಷ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಾಸು ಕೊಡಿಸು.

ಅಂಡಮಾನಿನಲ್ಲಿ ಮಾತ್ರ ನಗಿಸುವ ಉಪಾಯ ಬೇಡ. ಹೊರಗಿನವರ ಸಂಪರ್ಕವೇ ಬೇಡವೆಂದು ಇರುವ ಬುಡಕಟ್ಟಿನವರ ಉತ್ತರ ಸೆಂಟಿನೆಲ್ ದ್ವೀಪವನ್ನು ದೂರದಿಂದಾದರೂ ತೋರಿಸಿ ಎಂದು ಯಾರಾದರೂ ಪಿಸುಗುಟ್ಟದೆ ಇರುವುದಿಲ್ಲ, ಟಿಪ್ಸಿನ ಆಸೆಯನ್ನೂ ತೋರಿಸುತ್ತಾರೆ. ಐದು ನಾಟಿಕಲ್ ಮೈಲಿಯೊಳಗೆ ಹೋಗುವುದು ಅಪರಾಧ. ನಮ್ಮ ನೆಗಡಿಯೂ ಅಲ್ಲಿನವರನ್ನು ಕೊಲ್ಲಬಹುದು. 2004ರ ಸುನಾಮಿಯ ನಂತರ ಅವರು ಬದುಕಿದ್ದಾರೆಯೇ ಎಂದು ನೋಡಲು ಹೋದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರಿಗೆ ಒಬ್ಬ ಬಿಲ್ಲು ಎತ್ತಿ ಬಾಣ ಗುರಿಯಿಟ್ಟ. ಇದಕ್ಕಿಂತ ಸ್ಪಷ್ಟವಾಗಿ ‘ಬರಬೇಡಿ’ ಎಂದು ಹೇಗೆ ಹೇಳುವುದು? 2018ರಲ್ಲಿ ಹೋದ ಅಮೆರಿಕನ್ ಯುವಕ ಜೀವ ಕಳೆದುಕೊಂಡ. 2025ರ ಮಾರ್ಚಿನಲ್ಲಿ ಇನ್ನೊಬ್ಬ ಅಮೆರಿಕದವ ದಂಡೆಯಲ್ಲಿ ತೆಂಗಿನಕಾಯಿಯನ್ನೂ ಡಯೆಟ್ ಕೋಕ್ ಡಬ್ಬಿಯನ್ನೂ ಇಟ್ಟು ಬಂದು ಪೊಲೀಸರ ಕೈಗೆ ಬಿದ್ದ. ಯಾರಾದರೂ ಕೇಳಿದರೆ ಒಂದೇ ಸಲ ‘ಆಗುವುದಿಲ್ಲ’ ಎಂದು ಹೇಳಿ, ಹಾಗೆ ಕೇಳಿದ್ದನ್ನು ಕ್ಯಾಪ್ಟನ್ನರ ಕಿವಿಗೂ ಹಾಕು.

ಇನ್ನು ನಿನ್ನ ಸಲುವಾಗಿ ಹೇಳಬೇಕಾದ ‘ಆಗುವುದಿಲ್ಲ’ಗಳಿವೆ. ಕೆಲಸ ಕೊಡಿಸಿದ ಏಜೆಂಟ್ ನಿನ್ನಿಂದ ಕಮಿಷನ್ ಕೇಳುವಂತಿಲ್ಲ. ಅವನಿಗೆ ಡಿ.ಜಿ. ಶಿಪ್ಪಿಂಗ್ ಎಂಬ ಕೇಂದ್ರ ಸರಕಾರದ ಹಡಗು ಇಲಾಖೆಯ ಲೈಸೆನ್ಸ್ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಅವರ ವೆಬ್‌ಸೈಟಿನಲ್ಲೇ ನೋಡು, ಅವನು ತೋರಿಸಿದ ಕಾಗದ ನಂಬಬೇಡ. ಸಿ.ಡಿ.ಸಿ. ಎಂಬ ನಾವಿಕರ ಪುಸ್ತಕ, ಪಾಸ್‌ಪೋರ್ಟ್, ಮೆಡಿಕಲ್ ಎಲ್ಲದರ ನಕಲು ಮನೆಯಲ್ಲೊಂದು ಇರಲಿ. ನಾವಿಕರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಲೇಬೇಕು. ಭಾರತ 2015ರಲ್ಲಿ ಅದಕ್ಕೆ ಸಹಿ ಹಾಕಿದೆ, ಆದರೆ ನಿನ್ನ ಯಾಟ್ ಯಾವ ದೇಶದ ಬಾವುಟ ಹಾರಿಸುತ್ತದೆ ಎಂಬುದನ್ನು ಮೊದಲು ಕೇಳಿ ತಿಳಿದುಕೋ. ನಗುತ್ತ ನಿಲ್ಲುವುದೂ ದುಡಿಮೆಯೇ, ಆ ಗಂಟೆಗಳನ್ನೂ ಬರೆದಿಡು. ಅತಿಥಿ ಎಷ್ಟೇ ಸಜ್ಜನನಾಗಿ ಕಂಡರೂ ಪುಸ್ತಕ ಕೊಡುತ್ತೇನೆ, ಫೋಟೋ ತೋರಿಸುತ್ತೇನೆ ಎಂದರೆ ಲೌಂಜಿಗೆ ತನ್ನಿ ಅನ್ನು, ಕ್ಯಾಬಿನ್ನಿಗೆ ಹೋಗಬೇಡ. ಕೈ ಮೀರಿ ನಡೆದುಕೊಂಡರೆ ಅವತ್ತೇ ಬರವಣಿಗೆಯಲ್ಲಿ ದೂರು ಕೊಡು, ಒಂದು ಪ್ರತಿ ನನಗೂ ಕಳಿಸು. ನೌಕರಿ ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ.

ಕಂತ್ರಾಟಿಗೆ ಸಹಿ ಹಾಕುವ ಮೊದಲು ಎಲ್ಲ ಹಾಳೆಗಳ ಫೋಟೋ ಕಳಿಸು. ಸಣ್ಣ ಅಕ್ಷರದ ಭಾಗವನ್ನು ಬಿಡಬೇಡ, ಹೊಸ ಕನ್ನಡಕ ಬಂದಿದೆ. ನಿನ್ನ ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಕಟ್ಟಿಟ್ಟಿದ್ದಾಳೆ. ಗಾಜಿನದ್ದು ಬೇಡವೆಂದು ಹೇಳಿದ್ದೇನೆ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಡುತ್ತಾಳೆ. ಮುಂಬೈಗೆ ಹೊರಡುವ ಮುನ್ನ ಬಂದು ಒಯ್ಯಿ.

ಇತಿ,
ನಿನ್ನ ಮಾವ